ಅಲಾಸ್ಕಾ ಕ್ರೂಸ್: ಹಿಮನದಿ, ತಿಮಿಂಗಿಲ ನೋಡೋಕೆ ಆರಾಮದ ಹಡಗು ಆರಿಸುವುದು ಹೇಗೆ?

ಮೊದಲ ಸಲ ಅಲಾಸ್ಕಾ ಕ್ರೂಸ್ ಬುಕ್ ಮಾಡಿದಾಗ ನಾನು ನೋಡಿದ್ದು ಮೂರೇ: ಹಡಗಿನ ಫೋಟೊ, ಈಜುಕೊಳ, ರಿಯಾಯಿತಿ. ಹಡಗು ಚೆನ್ನಾಗಿಯೇ ಇತ್ತು. ಆದರೆ ಹಿಮನದಿಯ ಹತ್ತಿರ ಇದ್ದದ್ದು ಬೆಳಗ್ಗೆ ಆರರಿಂದ ಏಳೂವರೆ, ಅದೂ ಮಂಜಿನಲ್ಲಿ. ನಾವು ಎದ್ದು ಸ್ವೆಟರ್ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಮುಗಿದಿತ್ತು. ಅದಕ್ಕೆ ಮುಂಚೆ ಒಂದಿಡೀ ದಿನ ತೆರೆದ ಸಮುದ್ರದಲ್ಲಿ ಹಡಗು ತೂಗಿ ತೂಗಿ, ಹೆಂಡತಿ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಗೆ ಬಂದ ಮೇಲೆ ಟಿಕೆಟ್ ಜೊತೆ ಬಂದಿದ್ದ ವೇಳಾಪಟ್ಟಿ ತೆಗೆದು ನೋಡಿದೆ. ಎಲ್ಲ ಅದರಲ್ಲೇ ಇತ್ತು. ನಾನು ಓದಿರಲಿಲ್ಲ, ಅಷ್ಟೆ.

ಎರಡನೇ ಸಲ ಅಪ್ಪ-ಅಮ್ಮ ಊರಿನಿಂದ ಬಂದಿದ್ದರು. ಅಪ್ಪನಿಗೆ 74, ಅಮ್ಮನಿಗೆ ಮಂಡಿನೋವು. ಈ ಸಲ ಹಡಗಿನ ಫೋಟೊ ಪಕ್ಕಕ್ಕಿಟ್ಟು ವೇಳಾಪಟ್ಟಿಯಿಂದಲೇ ಶುರು ಮಾಡಿದೆ. ಆ ಲೆಕ್ಕಾಚಾರವನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಹಿಮನದಿ ನೋಡೋಕೆ ನಾರ್ವೆ ಇದೆ, ಚಿಲಿಯ ಪಟಗೋನಿಯಾ ಇದೆ, ಅಂಟಾರ್ಕ್ಟಿಕಾ ಇದೆ. ಆದರೆ ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಬೇಕಾದರೆ ದಕ್ಷಿಣ ಅಮೆರಿಕದ ತುದಿಯಿಂದಾಚೆ ಡ್ರೇಕ್ ಪ್ಯಾಸೇಜ್ ಎಂಬ ತೆರೆದ ಕಡಲು ದಾಟಬೇಕು. ಹೋಗೋಕೆ ಸುಮಾರು ಎರಡು ದಿನ, ಬರೋಕೆ ಎರಡು ದಿನ, ಅಲೆ ಎದ್ದರೆ ದೇವರೇ ಗತಿ. ವಯಸ್ಸಾದವರನ್ನು ಕರೆದುಕೊಂಡು ಮೊದಲ ಸಲ ಹೋಗುವವರಿಗೆ ನನ್ನ ಓಟು ಅಲಾಸ್ಕಾಕ್ಕೆ.

1. ಹಡಗು ಯಾವ ನೀರಿನಲ್ಲಿ ಸಾಗುತ್ತದೆ?

ಅಲಾಸ್ಕಾ ಕ್ರೂಸ್‌ಗಳು ಹೆಚ್ಚಾಗಿ ಏಳು ರಾತ್ರಿಯವು. ಬಹುಪಾಲು ಹೊರಡುವುದು ಅಮೆರಿಕದ ಸಿಯಾಟಲ್‌ನಿಂದ, ಇಲ್ಲವೇ ಕೆನಡಾದ ವ್ಯಾಂಕೂವರ್‌ನಿಂದ. ಎರಡೂ ಊರಿನ ನಡುವೆ ಕಾರಿನಲ್ಲಿ ಮೂರು ಗಂಟೆಯ ದಾರಿ. ಯಾವುದಾದರೇನು ಅನ್ನಿಸುತ್ತದೆ ಅಲ್ವಾ? ನೀರಿಗಿಳಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ.

ನಕ್ಷೆ ತೆಗೆದು ನೋಡಿ. ವ್ಯಾಂಕೂವರ್ ಊರಿನ ಎದುರಿಗೆ ವ್ಯಾಂಕೂವರ್ ದ್ವೀಪ ಅಡ್ಡ ಮಲಗಿದೆ, ಸುಮಾರು 450 ಕಿ.ಮೀ. ಉದ್ದ. ಅದರಾಚೆ ಉತ್ತರಕ್ಕೆ, ಅಲಾಸ್ಕಾದವರೆಗೂ, ದ್ವೀಪಗಳ ಸಾಲು. ಈ ದ್ವೀಪಗಳಿಗೂ ನೆಲಕ್ಕೂ ನಡುವೆ ಇರುವ ನೀರಿನ ದಾರಿಗೆ ಇನ್‌ಸೈಡ್ ಪ್ಯಾಸೇಜ್ ಎನ್ನುತ್ತಾರೆ. ಪೆಸಿಫಿಕ್ ಸಾಗರದ ಅಲೆಗಳನ್ನು ದ್ವೀಪಗಳೇ ತಡೆದುಬಿಡುತ್ತವೆ. ವ್ಯಾಂಕೂವರ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ಈ ಒಳದಾರಿ ಹಿಡಿಯುತ್ತದೆ. ಎರಡೂ ಕಡೆ ಕಾಡು, ನಡುವೆ ನಿಂತ ನೀರು. ಸಿಗಂದೂರಿಗೆ ಲಾಂಚ್‌ನಲ್ಲಿ ಹೋದವರಿಗೆ ಆ ಅನುಭವ ಗೊತ್ತು. ನಡುವೆ ಕೆಲವು ಗಂಟೆ ಮಾತ್ರ ಮರೆ ಇಲ್ಲದ ಜಾಗ ಬರುತ್ತದೆ.

ಸಿಯಾಟಲ್‌ನಿಂದ ಹೊರಟ ದೊಡ್ಡ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಆಚೆ ಬದಿಯಿಂದ, ಅಂದರೆ ತೆರೆದ ಸಾಗರದಲ್ಲಿ ಹೋಗುತ್ತವೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ. ಸಮುದ್ರ ಶಾಂತವಾಗಿದ್ದರೆ ಏನೂ ಆಗುವುದಿಲ್ಲ. ಇಲ್ಲದಿದ್ದರೆ ನಮ್ಮ ಕಥೆಯೇ.

ಮೂರನೇ ಬಗೆ ಒಂದು ದಿಕ್ಕಿನ ಪ್ರಯಾಣ. ವ್ಯಾಂಕೂವರ್‌ನಲ್ಲಿ ಹತ್ತಿ, ಆ್ಯಂಕರೇಜ್ ಹತ್ತಿರದ ವಿಟಿಯರ್ ಅಥವಾ ಸ್ಯೂಅರ್ಡ್ ಬಂದರಿನಲ್ಲಿ ಇಳಿಯುವುದು. ಇದರಲ್ಲಿ ಹಿಮನದಿ ಜಾಸ್ತಿ ಸಿಗುತ್ತದೆ, ಆಮೇಲೆ ರೈಲಿನಲ್ಲಿ ಡೆನಾಲಿ ಪರ್ವತದ ಕಡೆಗೂ ಹೋಗಬಹುದು. ಆದರೆ ಅಲಾಸ್ಕಾ ಕೊಲ್ಲಿಯ ತೆರೆದ ನೀರು ದಾಟಬೇಕು, ವಾಪಸ್ ವಿಮಾನ ಬೇರೆ ಊರಿನಿಂದ ಹಿಡಿಯಬೇಕು. ಗಟ್ಟಿಮುಟ್ಟಾಗಿರುವವರಿಗೆ ಇದೇ ಒಳ್ಳೆಯದು. ಆರಾಮವೇ ಮುಖ್ಯ ಎನ್ನುವವರಿಗೆ ವ್ಯಾಂಕೂವರ್‌ನಿಂದ ಹೊರಟು ವ್ಯಾಂಕೂವರ್‌ಗೇ ಬರುವ ಹಡಗು ಅಂತ ನಾನು ಹೇಳುತ್ತೇನೆ.

2. ಯಾವ ಹಿಮನದಿ, ಎಷ್ಟು ಹೊತ್ತು?

ಜಾಹೀರಾತಿನಲ್ಲಿ ಎಲ್ಲ ಹಡಗೂ ಹಿಮನದಿ ತೋರಿಸುತ್ತದೆ. ವೇಳಾಪಟ್ಟಿಯಲ್ಲಿ 'ಸೀನಿಕ್ ಕ್ರೂಸಿಂಗ್' ಅಂತ ಒಂದು ಸಾಲು ಇರುತ್ತದೆ ನೋಡಿ, ಅದರ ಮುಂದೆ ಬರೆದ ಹೆಸರು ಮತ್ತು ಗಂಟೆ, ಇವೆರಡೇ ನಿಮಗೆ ಬೇಕಾದದ್ದು. ಅಲ್ಲಿ ಹಡಗು ದಡಕ್ಕೆ ಕಟ್ಟುವುದಿಲ್ಲ, ನೋಡಿಕೊಂಡು ಬರುವುದಷ್ಟೆ.

ಗ್ಲೇಷಿಯರ್ ಬೇ: ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಇದು ರಾಷ್ಟ್ರೀಯ ಉದ್ಯಾನ, ಯುನೆಸ್ಕೊ ಪಟ್ಟಿಯಲ್ಲೂ ಇದೆ. ಇಲ್ಲಿಗೆ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅನುಮತಿ. ಅದರಿಂದಲೇ ಎಲ್ಲ ಕಂಪನಿಗೂ ಇಲ್ಲಿ ಜಾಗ ಸಿಗುವುದಿಲ್ಲ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ನಾರ್ವೇಜಿಯನ್ ಕಂಪನಿಗಳ ಹಡಗುಗಳು ಹೋಗುತ್ತವೆ, ಆದರೆ ಅವುಗಳಲ್ಲೂ ಎಲ್ಲ ಹಡಗು, ಎಲ್ಲ ವಾರವೂ ಅಲ್ಲ. ವೇಳಾಪಟ್ಟಿಯಲ್ಲಿ 'ಗ್ಲೇಷಿಯರ್ ಬೇ' ಎಂಬ ಹೆಸರೇ ಇರಬೇಕು. ಸುಮ್ನೆ 'ಹಿಮನದಿ ದರ್ಶನ' ಅಂತಿದ್ದರೆ ಅದು ಬೇರೆ ಜಾಗ.

ಕೊಲ್ಲಿಯ ಬಾಯಿಂದ ತುದಿಯ ತನಕ ಸುಮಾರು 105 ಕಿ.ಮೀ. ಹೋಗಿ ಬರೋಕೆ ಹೆಚ್ಚುಕಡಿಮೆ ಇಡೀ ಹಗಲು ಬೇಕು. ಬೆಳಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು, ಚಲಿಸುತ್ತಿರುವ ಹಡಗಿನ ಪಕ್ಕ ಏಣಿ ಹಿಡಿದು ಹತ್ತುತ್ತಾರೆ. ಆಮೇಲೆ ದಿನವಿಡೀ ಮೈಕಿನಲ್ಲಿ ವಿವರಿಸುತ್ತಾರೆ, ಡೆಕ್ ಮೇಲೆ ನಿಂತು ಪ್ರಶ್ನೆಗೂ ಉತ್ತರ ಕೊಡುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತಂಡ ಇಲ್ಲಿಗೆ ಬಂದಾಗ ಕೊಲ್ಲಿಯೇ ಇರಲಿಲ್ಲ, ಬಾಯಿಯ ಹತ್ತಿರವೇ ಹಿಮದ ಗೋಡೆ ನಿಂತಿತ್ತು. ಆಮೇಲಿನ ನೂರು ಚಿಲ್ಲರೆ ವರ್ಷಗಳಲ್ಲಿ ಹಿಮ ಸುಮಾರು 100 ಕಿ.ಮೀ. ಹಿಂದೆ ಸರಿಯಿತು. ನಿಮ್ಮ ಹಡಗು ಸಾಗುವ ನೀರೆಲ್ಲ ಆಗ ಹಿಮದ ಜಾಗ. ಅದಕ್ಕೂ ಮುಂಚೆ ಅಲ್ಲಿ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ಊರುಗಳಿದ್ದವು. ಹಿಮ ಮುಂದೆ ಬಂದು ಅವರನ್ನು ಎಬ್ಬಿಸಿತ್ತು.

ತುದಿಯಲ್ಲಿರುವ ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಧಾನವಾಗಿ ಪೂರ್ತಿ ತಿರುಗುತ್ತದೆ. ನೀರಿನ ಮೇಲೆ ಸುಮಾರು 75 ಮೀಟರ್ ಎತ್ತರ, ಒಂದೂವರೆ ಕಿಲೋಮೀಟರ್ ಅಗಲದ ಗೋಡೆ. ಅಮ್ಮ ಶಾಲು ಹೊದ್ದು ಡೆಕ್‌ನ ಕುರ್ಚಿಯಲ್ಲಿ ಕೂತಿದ್ದರು. ಎಡಗಡೆ ಮೂಲೆಯಲ್ಲಿ ಒಂದು ನೀಲಿ ಕಂಬ ಓರೆಯಾಗಿ, ಪುಡಿಪುಡಿಯಾಗಿ ನೀರಿಗೆ ಜಾರಿತು. "ಬಿತ್ತಲ್ಲೋ! ಸದ್ದೇ ಇಲ್ವಲ್ಲ" ಅಂದರು ಅಮ್ಮ. ಅವರ ಮಾತು ಮುಗಿಯುವಾಗ ಸದ್ದು ಬಂತು, ಹಿಂಗಾರಿನಲ್ಲಿ ಘಟ್ಟದ ಆಚೆ ಗುಡುಗಿದ ಹಾಗೆ. ಸದ್ದು ಒಂದು ಕಿಲೋಮೀಟರ್ ಬರೋಕೆ ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅದಕ್ಕೇ ಸದ್ದು ಕೇಳಿ ತಿರುಗಿದರೆ ತಡವಾಗಿರುತ್ತದೆ. ಒಂದೇ ಕಡೆ ಕಣ್ಣು ನೆಟ್ಟು ಕಾಯಬೇಕು. ನೀರಿನ ಅಂಚಿನಲ್ಲಿ ಸಣ್ಣ ಚೂರು ಉದುರುತ್ತಿರುವ ಜಾಗವೇ ಒಳ್ಳೆಯದು, ದೊಡ್ಡದು ಅಲ್ಲೇ ಬೀಳುವುದು ಜಾಸ್ತಿ.

ಹಬರ್ಡ್: ಉತ್ತರ ಅಮೆರಿಕದಲ್ಲಿ ಸಮುದ್ರಕ್ಕೆ ಇಳಿಯುವ ಹಿಮನದಿಗಳಲ್ಲಿ ಇದೇ ದೊಡ್ಡದು. ಉದ್ದ 122 ಕಿ.ಮೀ., ಮುಖವೇ ಸುಮಾರು 10 ಕಿ.ಮೀ. ಅಗಲ. ಉಳಿದವುಗಳಲ್ಲಿ ಹೆಚ್ಚಿನವು ಹಿಂದೆ ಸರಿಯುತ್ತಿದ್ದರೆ ಇದು ದಶಕಗಳಿಂದ ಮುಂದೆ ಬರುತ್ತಿದೆ. 1986ರಲ್ಲಿ ಮತ್ತು 2002ರಲ್ಲಿ ಪಕ್ಕದ ರಸೆಲ್ ಫಿಯಾರ್ಡ್‌ನ (ಫಿಯಾರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ತೋಳು) ಬಾಯನ್ನೇ ಮುಚ್ಚಿ ಅಣೆಕಟ್ಟಿನ ಹಾಗೆ ನೀರು ನಿಲ್ಲಿಸಿತ್ತು. ಗಾತ್ರ ನೋಡಬೇಕೆಂದರೆ ಇದೇ. ತೊಂದರೆ ಏನೆಂದರೆ ಮುಂದೆ ತೇಲುವ ಹಿಮದ ಗಡ್ಡೆ ಜಾಸ್ತಿಯಾದರೆ ಕ್ಯಾಪ್ಟನ್ ದೂರದಿಂದಲೇ ತಿರುಗಿಸುತ್ತಾರೆ.

ಎಂಡಿಕಾಟ್ ಆರ್ಮ್, ಟ್ರೇಸಿ ಆರ್ಮ್: ಜೂನೋ ಊರಿನ ದಕ್ಷಿಣಕ್ಕಿರುವ ಎರಡು ಇಕ್ಕಟ್ಟಾದ ಫಿಯಾರ್ಡ್‌ಗಳು. ಬಂಡೆಗೋಡೆ, ಜಲಪಾತ ಎಲ್ಲ ಬಲು ಚೆಂದ. ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಭಾರಿ ಅಲೆ ಎದ್ದಿತ್ತು, ಆಮೇಲೆ ಕಂಪನಿಗಳು ಎಂಡಿಕಾಟ್ ಕಡೆ ತಿರುಗಿದವು. ಅದರ ತುದಿಯಲ್ಲಿ ಡಾಸ್ ಹಿಮನದಿ ಇದೆ. ನಮ್ಮ ಮೊದಲ ಪ್ರವಾಸದ ಒಂದೂವರೆ ಗಂಟೆ ಇಂಥ ಜಾಗದ್ದೇ. ಮಧ್ಯಾಹ್ನ ಜೂನೋ ಮುಟ್ಟಬೇಕು, ಹಾಗಾಗಿ ಬೆಳಗಿನ ಜಾವವೇ ಒಳಹೊಕ್ಕು ಹೊರಬರುತ್ತಾರೆ. ಹಡಗು ತುದಿಯವರೆಗೆ ಹೋಗುತ್ತದೆಯೋ, ಇಲ್ಲ ಹತ್ತಿರದಿಂದ ನೋಡೋಕೆ ಬೇರೆ ದುಡ್ಡು ಕೊಟ್ಟು ಸಣ್ಣ ದೋಣಿಗೆ ಹೋಗಬೇಕೋ ಅಂತ ಬುಕ್ ಮಾಡುವ ಮೊದಲೇ ಕೇಳಿ.

ಕಾಲೇಜ್ ಫಿಯಾರ್ಡ್: ಒಂದು ದಿಕ್ಕಿನ ಪ್ರಯಾಣದವರಿಗೆ ಸಿಗಬಹುದು. 1899ರಲ್ಲಿ ಬಂದ ಹ್ಯಾರಿಮನ್ ಅನ್ವೇಷಣಾ ತಂಡ ಇಲ್ಲಿನ ಹಿಮನದಿಗಳಿಗೆ ಹಾರ್ವರ್ಡ್, ಯೇಲ್ ಅಂತೆಲ್ಲ ಕಾಲೇಜಿನ ಹೆಸರಿಟ್ಟಿತು.

ಇನ್ನು ಜೂನೋ ಊರಿನ ಹತ್ತಿರದ ಮೆಂಡನ್‌ಹಾಲ್. ಬಂದರಿನಿಂದ ಬಸ್ಸಿನಲ್ಲಿ ಸುಮಾರು 20 ಕಿ.ಮೀ. ಇದು ಸಮುದ್ರಕ್ಕೆ ಬೀಳುವುದಿಲ್ಲ, ಕೆರೆಯ ದಡದಿಂದ ದೂರಕ್ಕೆ ಕಾಣುತ್ತದೆ. ನೋಡಿ ಬನ್ನಿ, ಆದರೆ ಇದೊಂದನ್ನೇ ನಂಬಿಕೊಂಡು ಕ್ರೂಸ್ ಬುಕ್ ಮಾಡಬೇಡಿ.

3. ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ

ಇದು ಹತ್ತು ನಿಮಿಷದ ಕೆಲಸ. ದಿನ, ಜಾಗ, ಮುಟ್ಟುವ ಹೊತ್ತು, ಬಿಡುವ ಹೊತ್ತು, ನಡುವೆ ಎಷ್ಟು ಗಂಟೆ. ಎರಡು ಮೂರು ಹಡಗಿನದ್ದು ಅಕ್ಕಪಕ್ಕ ಬರೆದರೆ ಯಾವುದು ಓಡಿಸುತ್ತದೆ, ಯಾವುದು ಕೂರಿಸುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ನನ್ನ ಲೆಕ್ಕ ಹೀಗಿದೆ. ಏಳು ದಿನದಲ್ಲಿ ಮೂರು ಬಂದರು ಸಾಕು, ನಾಲ್ಕು ಬಂದರೆ ಪರವಾಗಿಲ್ಲ. ಹಿಮನದಿಯ ದಿನವೂ ಸೇರಿ ಎಲ್ಲೂ ಇಳಿಯಬೇಕಿಲ್ಲದ ದಿನ ಎರಡಾದರೂ ಇರಬೇಕು, ಮೂರಿದ್ದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಏಳಕ್ಕೆ ಮುಟ್ಟಿ ಮಧ್ಯಾಹ್ನ ಒಂದಕ್ಕೆ ಹೊರಡುವ ಬಂದರು ವಯಸ್ಸಾದವರಿಗೆ ದಂಡ. ತಿಂಡಿ ತಿಂದು, ಮಾತ್ರೆ ನುಂಗಿ, ಸಾಲಿನಲ್ಲಿ ನಿಂತು ಇಳಿಯುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ.

ಸಿಯಾಟಲ್ ಹಡಗುಗಳ ಪಟ್ಟಿಯಲ್ಲಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ ಅಂತ ಇರುವುದು ಸಾಮಾನ್ಯ. ರಾತ್ರಿ ಏಳೆಂಟಕ್ಕೆ ಮುಟ್ಟಿ, ಹನ್ನೆರಡರ ಒಳಗೆ ಬಿಡುತ್ತದೆ. ಕತ್ತಲೆಯಲ್ಲಿ ಯಾಕಪ್ಪಾ ಅಂದರೆ, ಅದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾನೂನು. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವುದಾದರೆ ನಡುವೆ ಒಂದು ಹೊರದೇಶದ ಬಂದರು ಮುಟ್ಟಲೇಬೇಕು. ಹೆಚ್ಚಿನ ಕ್ರೂಸ್ ಹಡಗುಗಳು ಬಹಾಮಾಸ್, ಪನಾಮ, ಬರ್ಮುಡಾದಂಥ ಜಾಗಗಳ ಬಾವುಟದವು. ಹಾಗಾಗಿ ಅದೊಂದು ಹಾಜರಿ ಹಾಕುವ ನಿಲ್ದಾಣ. ಬಂದರುಗಳ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಇನ್ನೊಂದು ವಿಷಯ, ಜನಸಂದಣಿ. ಜೂನೋದಲ್ಲಿ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಿತಿ ಇದೆ. ಐದು ಅಂದರೂ ಹತ್ತು-ಹದಿನೈದು ಸಾವಿರ ಜನ! ಬಂದರುಗಳ ಕ್ಯಾಲೆಂಡರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ನೀವು ಮುಟ್ಟುವ ದಿನ ಬೇರೆ ಎಷ್ಟು ಹಡಗು ಬರುತ್ತವೆ ಅಂತ ಅದರಲ್ಲಿ ನೋಡಬಹುದು. ಹಡಗು ದಡಕ್ಕೆ ಕಟ್ಟುತ್ತದೆಯೋ, ಸಣ್ಣ ದೋಣಿಗೆ ಇಳಿಸಿ ಕರೆದೊಯ್ಯುತ್ತದೆಯೋ ಅನ್ನುವುದನ್ನೂ ನೋಡಿ. ಮಂಡಿನೋವಿನವರಿಗೆ ತೂಗಾಡುವ ದೋಣಿಗೆ ಕಾಲಿಡುವುದು ಸುಲಭವಲ್ಲ.

ಸ್ಕ್ಯಾಗ್ವೇ ಬಂದರು ನಿಮ್ಮ ಪಟ್ಟಿಯಲ್ಲಿದ್ದರೆ ವೈಟ್ ಪಾಸ್ ರೈಲಿಗೆ ಟಿಕೆಟ್ ಮಾಡಿಸಿ. ಚಿನ್ನ ಸಿಕ್ಕಿತು ಅಂತ ಜನ ಕೆನಡಾದ ಕ್ಲೊಂಡೈಕ್‌ಗೆ ಮುಗಿಬಿದ್ದ ಕಾಲದಲ್ಲಿ, 1898ರಿಂದ 1900ರ ಒಳಗೆ, ಕಟ್ಟಿದ ದಾರಿ. ಸಮುದ್ರಮಟ್ಟದಿಂದ ಸುಮಾರು 870 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಕೂತಲ್ಲೇ ಕೂತು ಕಿಟಕಿಯಿಂದ ಕಣಿವೆ ನೋಡುವುದು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಏಕೈಕ ಪ್ರವಾಸ ಅದು.

4. ಯಾವ ತಿಂಗಳು?

ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಶುರುವಿನವರೆಗೆ ಹಡಗುಗಳು ಓಡಾಡುತ್ತವೆ. ಮೇ ತಿಂಗಳಲ್ಲಿ ಜನ ಕಡಿಮೆ, ಬೆಲೆ ಕಡಿಮೆ, ಮಳೆಯೂ ಸ್ವಲ್ಪ ಕಡಿಮೆ, ಬೆಟ್ಟಗಳ ಮೇಲೆ ಇನ್ನೂ ಹಿಮ. ಜೂನ್‌ನಲ್ಲಿ ಜೂನೋದಲ್ಲಿ 18 ಗಂಟೆ ಹಗಲು, ರಾತ್ರಿ ಒಂಬತ್ತಕ್ಕೂ ತಿಮಿಂಗಿಲ ಹುಡುಕಬಹುದು. ಜುಲೈ, ಆಗಸ್ಟ್‌ನಲ್ಲಿ ಸಾಲ್ಮನ್ ಮೀನು ಹೊಳೆ ಏರುತ್ತವೆ, ಅವನ್ನು ಹಿಡಿಯೋಕೆ ಕರಡಿ ಬರುತ್ತವೆ. ಜನವೂ ಆಗಲೇ ಜಾಸ್ತಿ, ಬೆಲೆಯೂ. ಸೆಪ್ಟೆಂಬರ್‌ನಲ್ಲಿ ಮತ್ತೆ ಅಗ್ಗ, ಆದರೆ ಮಳೆ, ಗಾಳಿ ಜೋರು.

ಮಳೆ ಬಗ್ಗೆ ಒಂದು ಮಾತು. ಕೆಚಿಕನ್ ಊರಿಗೆ ವರ್ಷಕ್ಕೆ ಸುಮಾರು 150 ಇಂಚು ಮಳೆ, ಅಂದರೆ ಆಗುಂಬೆಯ ಅರ್ಧದಷ್ಟು. ಅದೂ ನಮ್ಮ ಹಾಗೆ ಮಳೆಗಾಲಕ್ಕೆ ಮೀಸಲಲ್ಲ, ವರ್ಷವಿಡೀ. ಯಾವ ತಿಂಗಳು ಹೋದರೂ ಒಂದೆರಡು ದಿನ ನೆನೆಯುತ್ತೀರಿ. ಮೋಡ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. ಹಿಮನದಿಯ ನೀಲಿ ಮೋಡದ ದಿನವೇ ಚೆನ್ನಾಗಿ ಕಾಣುತ್ತದೆ. ಭಾರಕ್ಕೆ ಒತ್ತಿ ಒತ್ತಿ ಗಾಳಿಗುಳ್ಳೆಯೆಲ್ಲ ಹೋದ ಹಿಮ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಉಳಿಸುತ್ತದೆ. ಬಿರುಬಿಸಿಲಿನಲ್ಲಿ ಕಣ್ಣು ಕುಕ್ಕುವ ಬಿಳಿಯ ಮಧ್ಯೆ ಆ ಬಣ್ಣ ತಿಳಿಯಾಗಿಬಿಡುತ್ತದೆ.

ನಾನಾದರೆ ಜೂನ್ ಮೊದಲೆರಡು ವಾರ ಅನ್ನುತ್ತೇನೆ. ಕರಡಿ ನೋಡಲೇಬೇಕೆಂಬ ಹಟ ಇದ್ದರೆ ಮಾತ್ರ ಆಗಸ್ಟ್.

5. ದೊಡ್ಡ ಹಡಗೋ, ಸಣ್ಣದೋ?

ಸಣ್ಣ ಹಡಗು ಅಂದರೆ ಆರಾಮ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಲಾಸ್ಕಾದಲ್ಲಿ ಅದು ಉಲ್ಟಾ. ನೂರು ಜನರೊಳಗಿನ ಸಣ್ಣ ಹಡಗುಗಳು ಹಿಮದ ಹತ್ತಿರ ಹೋಗುತ್ತವೆ, ನಿಜ. ಆದರೆ ಬೆಳಗ್ಗೆ ಎದ್ದರೆ ಕಯಾಕ್, ರಬ್ಬರ್ ದೋಣಿ, ಮೊಣಕಾಲು ನೀರಿನಲ್ಲಿ ಇಳಿದು ಕಾಡು ನಡಿಗೆ. ಹಲವು ಹಡಗುಗಳಲ್ಲಿ ಲಿಫ್ಟ್ ಕೂಡ ಇರುವುದಿಲ್ಲ. ಬೆಲೆಯೂ ದೊಡ್ಡ ಹಡಗಿನ ಎರಡು-ಮೂರು ಪಟ್ಟಾಗಬಹುದು. ನಲವತ್ತರ ಗಂಡಹೆಂಡತಿಗೆ ಬೊಂಬಾಟ್, ಮಂಡಿನೋವಿನ ಅಮ್ಮನಿಗೆ ಅಲ್ಲ.

ನಾಲ್ಕು ಸಾವಿರ ಜನರ ಹಡಗು ತೇಲುವ ಮಾಲ್. ಹಿಮನದಿ ಬಂದಾಗ ಎಲ್ಲರೂ ಒಂದೇ ಕಟಕಟೆಗೆ ಬಂದು ನಿಲ್ಲುತ್ತಾರೆ. ನಡುವಿನದು, ಅಂದರೆ ಸಾವಿರದಿನ್ನೂರರಿಂದ ಎರಡು ಸಾವಿರ ಜನರದು, ನಮಗೆ ಸರಿಹೋಯಿತು. ಹಡಗಿನ ಸುತ್ತ ಪೂರ್ತಿ ನಡೆಯಬಹುದಾದ ತೆರೆದ ಡೆಕ್ ಇದೆಯೇ ಎಂದು ನಕ್ಷೆಯಲ್ಲಿ ನೋಡಿ. ಪ್ರಾಣಿ ಯಾವ ಬದಿಗೆ ಕಂಡರೂ ಹತ್ತು ಹೆಜ್ಜೆಯಲ್ಲಿ ಆ ಕಡೆ ಹೋಗಬಹುದು. ಮುಂಭಾಗದಲ್ಲಿ ಗಾಜಿನ ಗೋಡೆಯ ಕೋಣೆ ಇದ್ದರೆ ವಯಸ್ಸಾದವರು ಬೆಚ್ಚಗೆ ಕೂತು ನೋಡಬಹುದು. ಈಜುಕೊಳದ ಬಗ್ಗೆ ಯೋಚನೆ ಬೇಡ, ಬೇಸಿಗೆಯಲ್ಲೂ ಹೊರಗೆ 10ರಿಂದ 18 ಡಿಗ್ರಿ.

6. ಕ್ಯಾಬಿನ್

ಬಾಲ್ಕನಿಗೆ ದುಡ್ಡು ಕೊಡಬೇಕಾ? ಬೇರೆ ಕಡೆ ಆದರೆ ಬೇಡ ಅನ್ನುತ್ತಿದ್ದೆ. ಅಲಾಸ್ಕಾದಲ್ಲಿ, ಅದರಲ್ಲೂ ತುಂಬ ನಡೆಯಲಾಗದವರು ಜೊತೆಗಿದ್ದರೆ, ಕೊಡಿ. ಅಪ್ಪ ದಿನಾ ಬೆಳಗ್ಗೆ ಐದಕ್ಕೇ ಎದ್ದು ಕಂಬಳಿ ಹೊದ್ದು ಅಲ್ಲಿ ಕೂರುತ್ತಿದ್ದರು. ನಮ್ಮನ್ನೆಲ್ಲ ಎಬ್ಬಿಸದೆ ಅವರಷ್ಟಕ್ಕೆ ಎರಡು ತಿಮಿಂಗಿಲ ನೋಡಿ, ತಿಂಡಿ ಹೊತ್ತಿಗೆ ವರದಿ ಒಪ್ಪಿಸಿದರು.

ಎಡಬದಿ ಒಳ್ಳೆಯದೋ ಬಲಬದಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಿಮನದಿಯ ಮುಂದೆ ಹಡಗು ತಿರುಗುತ್ತದೆ, ಎರಡೂ ಕಡೆಯವರಿಗೂ ಸಿಗುತ್ತದೆ. ಅದಕ್ಕಿಂತ ಮುಖ್ಯ, ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಆರಿಸುವುದು. ತೊಟ್ಟಿಲು ತೂಗಿದಾಗ ತುದಿಗಳು ಜಾಸ್ತಿ ಏರಿಳಿಯುತ್ತವಲ್ಲ, ಹಡಗೂ ಹಾಗೆಯೇ. ಬಾಲ್ಕನಿ ಮುಂದೆ ಲೈಫ್‌ಬೋಟ್ ಅಡ್ಡ ಇಲ್ಲವೆಂದೂ ಖಾತ್ರಿ ಮಾಡಿಕೊಳ್ಳಿ. 'ಕ್ಯಾಬಿನ್ ನಂಬರ್ ಆಮೇಲೆ ಕೊಡುತ್ತೇವೆ' ಅನ್ನುವ ಅಗ್ಗದ ಟಿಕೆಟ್ ತೆಗೆದುಕೊಂಡರೆ ಇದಾವುದೂ ನಿಮ್ಮ ಕೈಯಲ್ಲಿರುವುದಿಲ್ಲ.

7. ಪ್ರಾಣಿಗಳನ್ನು ಎಲ್ಲಿ, ಹೇಗೆ ನೋಡುವುದು?

ಹಂಪ್‌ಬ್ಯಾಕ್ ತಿಮಿಂಗಿಲಗಳಲ್ಲಿ ಬಹಳಷ್ಟು ಚಳಿಗಾಲ ಕಳೆಯುವುದು ಹವಾಯಿಯಲ್ಲಿ. ಮರಿ ಹಾಕಿ, ಬೇಸಿಗೆಗೆ ಹೊಟ್ಟೆ ತುಂಬಿಸಿಕೊಳ್ಳೋಕೆ ಅಲಾಸ್ಕಾಕ್ಕೆ ಬರುತ್ತವೆ. ಕೆಲವು ಗುಂಪಾಗಿ ಸೇರಿ, ಮೀನಿನ ಹಿಂಡಿನ ಸುತ್ತ ಕೆಳಗಿನಿಂದ ಗುಳ್ಳೆ ಬಿಟ್ಟು ಬಲೆಯ ಹಾಗೆ ಕಟ್ಟಿ, ಒಟ್ಟಿಗೇ ಬಾಯಿ ತೆರೆದು ಮೇಲೇಳುತ್ತವೆ. ಅದನ್ನು ನೋಡೋಕೆ ಅದೃಷ್ಟ ಬೇಕು. ಬಾಲ ನೋಡೋಕೆ ತಾಳ್ಮೆ ಸಾಕು.

ಮೊದಲು ಕಾಣುವುದು ತಿಮಿಂಗಿಲವಲ್ಲ, ಅದರ ಉಸಿರು. ದೂರದಲ್ಲಿ ಕುಕ್ಕರ್ ಸೀಟಿ ಹೊಡೆದಾಗ ಆವಿ ಏಳುತ್ತದಲ್ಲ, ಹಾಗೆ ನೀರಿನ ಮೇಲೆ ಒಂದು ಬಿಳಿ ಮೋಡ. ಒಂದು ಕಂಡರೆ ಅಲ್ಲೇ ನೋಡುತ್ತಿರಿ. ಹಲವು ಸಲ ಉಸಿರಾಡಿ, ಬೆನ್ನು ಬಾಗಿಸಿ, ಆಮೇಲೆ ಬಾಲ ಎತ್ತಿ ಮುಳುಗುತ್ತದೆ. ಗ್ಲೇಷಿಯರ್ ಬೇ ಬಾಯಿಯ ಎದುರಿನ ಐಸಿ ಸ್ಟ್ರೇಟ್, ಪಾಯಿಂಟ್ ಅಡಾಲ್ಫಸ್ ಸುತ್ತ ಇವು ಜಾಸ್ತಿ. ಅಂದರೆ ಕೊಲ್ಲಿಗೆ ಹೋಗುವ ದಿನ ಹಡಗು ಒಳಹೋಗುವ ಮೊದಲೇ, ಬೆಳಗಿನ ಜಾವದಲ್ಲೇ, ಡೆಕ್ ಮೇಲಿರಬೇಕು.

ಕೊಲ್ಲಿಯ ಬಾಯಿಯ ಕಡೆಯ ಭಾಗದಲ್ಲಿ ಕಡಲ ನೀರುನಾಯಿಗಳು ಅಂಗಾತ ಮಲಗಿ ತೇಲುತ್ತಿರುತ್ತವೆ. ತುಪ್ಪಳಕ್ಕಾಗಿ ಕೊಂದು ಕೊಂದು ಈ ಭಾಗದಲ್ಲಿ ಒಂದೂ ಇಲ್ಲದ ಹಾಗಾಗಿತ್ತು, 1960ರ ದಶಕದಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟರು. ಸೌತ್ ಮಾರ್ಬಲ್ ದ್ವೀಪದಲ್ಲಿ ಕಡಲಸಿಂಹಗಳ ಗುಂಪು. ಗಾಳಿ ನಿಮ್ಮ ಕಡೆ ಇದ್ದರೆ ಕಾಣುವ ಮೊದಲೇ ವಾಸನೆ ಬರುತ್ತದೆ. ಗ್ಲೂಮಿ ನಾಬ್ ಎಂಬ ಬೋಳು ಬಂಡೆಯ ಮೇಲೆ ಬೆಟ್ಟದ ಆಡುಗಳು, ಬರಿಗಣ್ಣಿಗೆ ಬರೀ ಬಿಳಿ ಚುಕ್ಕೆ. ಇಳಿತದ ಹೊತ್ತಿನಲ್ಲಿ ದಡದ ಕಲ್ಲುಗಳ ನಡುವೆ ಕರಡಿ ಓಡಾಡುವುದೂ ಇದೆ. ಕಂದು ಕಲ್ಲೊಂದು ಚಲಿಸಿದರೆ ಅದು ಕಲ್ಲಲ್ಲ.

ಮಾರ್ಜರಿ ಹಿಮನದಿಯ ಪಕ್ಕದ ಜಾನ್ಸ್ ಹಾಪ್ಕಿನ್ಸ್ ಒಳಗಾಲುವೆಗೆ ಆಗಸ್ಟ್ ಕೊನೆಯವರೆಗೂ ಕ್ರೂಸ್ ಹಡಗು ಬಿಡುವುದಿಲ್ಲ. ಸೀಲ್‌ಗಳು ಅಲ್ಲಿನ ತೇಲುವ ಹಿಮದ ಮೇಲೆ ಮರಿ ಹಾಕಿ ಸಾಕುತ್ತವೆ. ಹಡಗು ಬಂದರೆ ಬೆದರಿ ನೀರಿಗೆ ಧುಮುಕುತ್ತವೆ, ಮರಿಗಳು ತಾಯಿಯಿಂದ ತಪ್ಪುತ್ತವೆ. ನಮ್ಮ ರೇಂಜರ್ ಇದನ್ನು ಹೇಳಿದಾಗ ಅಮ್ಮ, "ಬಾಣಂತಿ ಕೋಣೆಗೆ ಯಾರಾದ್ರೂ ನುಗ್ತಾರಾ?" ಅಂದರು.

ದೊಡ್ಡ ಹಡಗಿನಿಂದ ಕಂಡದ್ದು ಸಾಲದು ಅನಿಸಿದರೆ ಜೂನೋದಲ್ಲಿ ಅಥವಾ ಐಸಿ ಸ್ಟ್ರೇಟ್ ಪಾಯಿಂಟ್‌ನಲ್ಲಿ ತಿಮಿಂಗಿಲ ನೋಡುವ ದೋಣಿ ಹಿಡಿಯಿರಿ. ಬಸ್ಸು-ದೋಣಿ ಎಲ್ಲ ಸೇರಿ ಮೂರು-ನಾಲ್ಕು ಗಂಟೆ. ಒಳಗೆ ಬೆಚ್ಚಗಿನ ಕೋಣೆ, ಶೌಚಾಲಯ ಇರುವ ದೋಣಿ ಆರಿಸಿ. ಕಾನೂನಿನ ಪ್ರಕಾರ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. 'ಮುಟ್ಟುವಷ್ಟು ಹತ್ತಿರ' ಅಂತ ಆಸೆ ತೋರಿಸುವವರ ಹತ್ತಿರ ಟಿಕೆಟ್ ತೆಗೆದುಕೊಳ್ಳಬೇಡಿ.

8. ವೀಸಾ

ನಮ್ಮವರು ಎಡವುವುದು ಇಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಾಮಾನ್ಯವಾಗಿ ಎರಡು ವೀಸಾ ಬೇಕು, ಅಮೆರಿಕದ್ದು ಮತ್ತು ಕೆನಡಾದ್ದು. ಸಿಯಾಟಲ್‌ನಿಂದ ಸಿಯಾಟಲ್‌ಗೇ ಅಲ್ವಾ, ಕೆನಡಾ ವೀಸಾ ಯಾಕೆ ಅಂತ ಕೇಳುತ್ತಾರೆ. ಆ ವಿಕ್ಟೋರಿಯಾ ನಿಲ್ದಾಣ ನೆನಪಿದೆಯಲ್ಲ, ಅದಕ್ಕೇ. ಅಲ್ಲಿ ಇಳಿಯದೆ ಕ್ಯಾಬಿನ್‌ನಲ್ಲೇ ಮಲಗಿರುತ್ತೇನೆ ಅಂದರೂ ನಡೆಯುವುದಿಲ್ಲ, ಹತ್ತುವಾಗಲೇ ತಡೆಯುತ್ತಾರೆ.

ಒಂದು ದೇಶ ಬಿಟ್ಟು ಮತ್ತೆ ಅದೇ ದೇಶಕ್ಕೆ ಬರುತ್ತೀರಿ, ಆದ್ದರಿಂದ ವೀಸಾ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವಂಥದ್ದಾಗಿರಲಿ. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ, ಆದರೆ ಕಾರ್ಡೂ ಪಾಸ್‌ಪೋರ್ಟೂ ಎರಡೂ ಕೈಯಲ್ಲಿರಬೇಕು. ಎಚ್-1ಬಿ ಮೇಲಿರುವವರು ತಮ್ಮ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ ಬುಕ್ ಮಾಡುವ ಮೊದಲೇ ಕಂಪನಿಯ ವಕೀಲರನ್ನು ಕೇಳಿ. ಹಡಗಿನ ಟಿಕೆಟ್‌ಗಿಂತ ಮೊದಲು ವೀಸಾ, ಈ ಕ್ರಮ ತಪ್ಪಿಸಬೇಡಿ. ಊರಿನಿಂದ ಬರುವ ಹಿರಿಯರು ಹಡಗು ಹೊರಡುವ ಎರಡು ದಿನ ಮುಂಚೆಯೇ ಬಂದು ಸುಧಾರಿಸಿಕೊಳ್ಳಲಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

9. ಊಟ, ಖರ್ಚು, ಚೀಲ

ಸಸ್ಯಾಹಾರಿಗಳು ಹೆದರಬೇಕಿಲ್ಲ. ಬುಕ್ ಮಾಡುವಾಗಲೇ ಬರೆದು ತಿಳಿಸಿ. ಹತ್ತಿದ ಮೊದಲ ರಾತ್ರಿ ಊಟದ ಮನೆಯ ಮುಖ್ಯಸ್ಥರನ್ನು ಭೇಟಿಯಾಗಿ ಇನ್ನೊಮ್ಮೆ ಹೇಳಿ. ಹಡಗುಗಳಲ್ಲಿ ಭಾರತದ ಸಿಬ್ಬಂದಿ ತುಂಬ ಜನ. ಹಿಂದಿನ ರಾತ್ರಿ ಕೇಳಿದರೆ ಮಾರನೇ ದಿನ ಬೇಳೆ, ಪಲ್ಯ, ಅನ್ನ ಮಾಡಿಕೊಡುತ್ತಾರೆ. ಸೂಪಿಗೆ ಮೀನಿನ ಅಥವಾ ಕೋಳಿಯ ಸಾರು ಹಾಕಿರುತ್ತಾರೆ, ಅದೊಂದು ಕೇಳಿಯೇ ಕುಡಿಯಿರಿ. ಮನೆಯ ಅಡುಗೆ ತರಲು ಹೆಚ್ಚಿನ ಹಡಗುಗಳು ಬಿಡುವುದಿಲ್ಲ. ಸೀಲ್ ಆದ ಪ್ಯಾಕೆಟ್‌ನ ಚಟ್ನಿಪುಡಿ, ಖಾರದ ಅವಲಕ್ಕಿಗೆ ನಮಗಂತೂ ಯಾರೂ ಅಡ್ಡಿ ಹೇಳಲಿಲ್ಲ. ಕರೆಂಟ್ ಕೆಟಲ್, ರೈಸ್ ಕುಕ್ಕರ್ ತಂದರೆ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಜಾಹೀರಾತಿನ ಬೆಲೆ ತಲಾ ಒಬ್ಬರಿಗೆ, ಅದೂ ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ (ಹೆಚ್ಚಾಗಿ ದಿನಕ್ಕೆ ತಲಾ 15ರಿಂದ 20 ಡಾಲರ್), ವೈಫೈ, ದಡದ ಪ್ರವಾಸಗಳು. ಎಲ್ಲ ಕೂಡಿಸಿ ನೋಡಿದ ಮೇಲೆ ಹಡಗುಗಳನ್ನು ಹೋಲಿಸಿ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಸಮುದ್ರದ ಮಧ್ಯೆ ರೋಮಿಂಗ್ ಬಿಲ್ ಕೈ ಸುಡುತ್ತದೆ. ವಿಮೆ ತೆಗೆದುಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಕ್ರೂಸ್‌ಗೂ ಅನ್ವಯವೇ? ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಆ ಖರ್ಚು ಕೊಡುತ್ತೀರಾ? ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ ಡಾಲರ್‌ನಲ್ಲಿ. ವಾಂತಿ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ, ಬಿಪಿ-ಶುಗರ್ ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಬಟ್ಟೆ ದಪ್ಪದ್ದು ಒಂದರ ಬದಲು ತೆಳುವಾದದ್ದು ಮೂರು ಪದರ. ಮೇಲೆ ಮಳೆ ತಡೆಯುವ ಜಾಕೆಟ್. ಕೊಡೆ ಡೆಕ್ ಮೇಲೆ ಪ್ರಯೋಜನವಿಲ್ಲ, ಗಾಳಿಗೆ ಮಗುಚುತ್ತದೆ. ಕೈಗವಸು ಬೇಕು. ಅಪ್ಪನ ಮಂಕಿ ಕ್ಯಾಪ್ ನೋಡಿ ಮೊದಲ ದಿನ ನಾವು ನಕ್ಕೆವು, ಮಾರ್ಜರಿ ಮುಂದೆ ಎಲ್ಲರೂ ಅದನ್ನೇ ಕೇಳಿದೆವು.

ಬೈನಾಕ್ಯುಲರ್ ತಲೆಗೊಂದು ತನ್ನಿ, 8x42 ಅಂತ ಬರೆದಿರುವುದು ಸಾಕು. ನಾವು ಐದು ಜನಕ್ಕೆ ಒಂದೇ ತಂದಿದ್ದೆವು. ಏಳು ದಿನವೂ ಅದು ಅಪ್ಪನ ಕೊರಳಲ್ಲೇ ಇತ್ತು.